ಎರಡನೇ ಕಾರು ತಗೊಳ್ಳೋದು ಬಿಟ್ಟರೆ ಬೇರೆ ದಾರಿ ಇಲ್ವಾ? (ಧಾರವಾಡ)

ಮಾಳಮಡ್ಡಿಯವ:
ನಮಸ್ಕಾರ. ಮೊದಲು ಮಾಳಮಡ್ಡಿಯಲ್ಲಿ ಬಾಡಿಗೆಗೆ ಇದ್ದೆವು. ಹೋದ ವರ್ಷ ಬೈಪಾಸ್ ಕಡೆ ಒಂದು ಹೊಸ ಲೇಔಟ್‌ನಲ್ಲಿ ಸ್ವಂತ ಮನೆ ಆಯಿತು. ಮನೆಯ ಬಗ್ಗೆ ದೂರಿಲ್ಲ, ಗಾಳಿ ಬೆಳಕು ಬೇಕಾದಷ್ಟಿದೆ. ಆದರೆ ಒಂದು ಸಿವುಡು ಕೊತ್ತಂಬರಿ ಬೇಕಂದ್ರೂ ಕಾರಿನ ಕೀಲಿ ಹುಡುಕಬೇಕು. ಬಸ್ ಒಳಗೆ ಬರೋದಿಲ್ಲ. ಮುಖ್ಯ ರಸ್ತೆ ಸುಮಾರು ಒಂದೂವರೆ ಕಿಲೋಮೀಟರ್, ಅಲ್ಲೀತನಕ ಫುಟ್‌ಪಾತ್ ಇಲ್ಲ, ಮಳೆ ಬಂದರೆ ಅಂಚಿನ ಯರೆ ಮಣ್ಣು ಚಪ್ಪಲಿ ಬಿಡೋದಿಲ್ಲ.

ನನಗೆ ಜಾಸ್ತಿ ಚಿಂತೆ ಅಪ್ಪಂದು. ಮಾಳಮಡ್ಡಿಯಲ್ಲಿದ್ದಾಗ ಬೆಳಿಗ್ಗೆ ಎದ್ದು ಸ್ಟೇಷನ್‌ವರೆಗೆ ನಡೆದು, ಪೇಪರ್ ತಗೊಂಡು, ನಾಲ್ಕು ಮಂದಿ ಜೊತೆ ಚಹಾ ಕುಡಿದು ಬರುತ್ತಿದ್ದರು. ಕಣ್ಣಿಗೆ ಗ್ಲಾಕೋಮಾ ಆದ ಮೇಲೆ ಸ್ಕೂಟರ್ ಬಿಟ್ಟರು. ಈಗ ಗೇಟಿನವರೆಗೆ ಹೋಗಿ ವಾಪಸ್ ಬರುತ್ತಾರೆ. ಯಾರನ್ನೂ ಏನೂ ಕೇಳುವ ಮನುಷ್ಯ ಅಲ್ಲ. ಕಟಿಂಗ್‌ಗೆ ಹೋಗಬೇಕು ಅಂತಲೂ ಹೇಳೋದಿಲ್ಲ. ಕೂದಲು ಕಿವಿ ಮೇಲೆ ಬಂದಿದ್ದು ನೋಡಿ ನಾನೇ ತಿಳ್ಕೊಂಡು ಭಾನುವಾರ ಕರ್ಕೊಂಡು ಹೋಗಬೇಕು.

ಮಗಳು ಒಂಬತ್ತನೇ ಕ್ಲಾಸ್. ಟ್ಯೂಷನ್ ಸಪ್ತಾಪುರದಲ್ಲಿ. ನನ್ನ ಕೆಲಸ ಹುಬ್ಬಳ್ಳಿ ವಿದ್ಯಾನಗರದಲ್ಲಿ, ಕಾರು ನನ್ನ ಜೊತೆ ಹೋಗುತ್ತೆ. ಮನೆಯವರು ಇನ್ನೊಂದು ಕಾರು ತಗೊಂಡುಬಿಡೋಣ ಅನ್ನುತ್ತಾರೆ. ಮನೆ ಸಾಲದ ಕಂತಿನ ಮೇಲೆ ಇದೊಂದು ಕಂತು. ನಿಮ್ಮಲ್ಲಿ ಯಾರಾದರೂ ಹೀಗಿದ್ದು ಬೇರೆ ದಾರಿ ಮಾಡಿಕೊಂಡಿದ್ದೀರಾ?

ನವನಗರ:
ತಗೊಳ್ಳಿ ಸರ್. ವಯಸ್ಸಾದವರಿರುವ ಮನೆ. ನಮ್ಮ ತಾಯಿಗೆ ರಾತ್ರಿ ಎದೆನೋವು ಬಂದಾಗ ಬಾಗಿಲಲ್ಲಿ ಕಾರಿದ್ದಿದ್ದಕ್ಕೇ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದೆವು.

ಉಣಕಲ್ ಅಕ್ಕ:
ತಮ್ಮಾ, ನವನಗರದವರು ಹೇಳಿದ್ದು ನಿಜ, ರಾತ್ರಿ ಹೊತ್ತಿಗೆ ಒಂದು ಕಾರು ಇರಲಿ. ಆದರೆ ರಾತ್ರಿ ನಿನ್ನ ಕಾರು ಮನೆಯಲ್ಲೇ ಇರುತ್ತೆ ಅಲ್ವಾ? ಎರಡನೆಯದು ಬಂದರೆ ನಡೆಸೋರು ಯಾರು? ಅಪ್ಪನಿಗೆ ಕಣ್ಣು ಸರಿಯಾಗಿ ಕಾಣೋದಿಲ್ಲ. ಮಗಳಿಗೆ ಹದಿನೆಂಟು ಆಗೋತನಕ ಲೈಸೆನ್ಸ್ ಇಲ್ಲ. ಅವರಿಬ್ಬರೂ ಆಗಲೂ ಯಾರಾದರೂ ಕರ್ಕೊಂಡು ಹೋಗಲಿ ಅಂತ ಕಾಯಲೇಬೇಕು. ನಿನ್ನ ಹೆಂಡತಿ ಟ್ಯೂಷನ್ ಮುಗಿಯುವವರೆಗೆ ಸಪ್ತಾಪುರದ ರಸ್ತೆ ಬದಿ ಕಾರಲ್ಲಿ ಕೂತಿರಬೇಕು. ಆ ಓಣಿಗಳಲ್ಲಿ ಸಂಜೆ ಹೊತ್ತು ನೋಡಿದ್ದೀಯಲ್ಲ, ಎರಡೂ ಕಡೆ ಮಕ್ಕಳನ್ನು ಕಾಯುವ ಗಾಡಿಗಳೇ. ಆ ಗಾಡಿಗಳಿಂದಲೇ ಮಕ್ಕಳಿಗೆ ಸೈಕಲ್ ಮೇಲೆ ಬರೋಕೆ ಭಯ. ಭಯ ಅಂತ ಇನ್ನೊಬ್ಬರು ಕಾರು ತರ್ತಾರೆ.

ರಸ್ತೆ ಅಗಲ ಮಾಡಿದರೆ ಸರಿ ಹೋಗುತ್ತೆ ಅಂತಾರೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಕೇಟಿ ಫ್ರೀವೇ ಅಂತ ಹೆದ್ದಾರಿ ಇದೆ. 2008ರ ಹೊತ್ತಿಗೆ ಅದನ್ನು ಅಗಲ ಮಾಡಿದರು. ಪಕ್ಕದ ರಸ್ತೆಗಳೂ ಸೇರಿ ಕೆಲವು ಕಡೆ 26 ಪಥ. ಕೆಲವೇ ವರ್ಷಕ್ಕೆ ಸಂಜೆ ಮನೆಗೆ ಹೋಗೋಕೆ ಮೊದಲಿಗಿಂತ ಜಾಸ್ತಿ ಹೊತ್ತು ಹಿಡಿಯಿತು. ಜಾಗ ಸಿಕ್ಕಿತು ಅಂತ ಮಂದಿ ಇನ್ನೂ ದೂರ ಮನೆ ಕಟ್ಟಿಕೊಂಡರು, ಇನ್ನಷ್ಟು ಕಾರು ಬಂದವು. ನಮ್ಮಲ್ಲೂ ಗಬ್ಬೂರು–ನರೇಂದ್ರ ಬೈಪಾಸ್ ಅಗಲ ಮಾಡುವ ಕೆಲಸ ಹಿಡಿದರು. ಬೇಕು ಅದು, ಹಳೇ ಎರಡು ಪಥದ ರಸ್ತೆಯಲ್ಲಿ ಎಷ್ಟು ಜೀವ ಹೋದವು. ಆದರೆ ಲಾರಿಗೆ ದಾರಿ ಆದರೆ ನಿನ್ನ ಅಪ್ಪನಿಗೆ ನಡೆಯೋಕೆ ದಾರಿ ಆಗಲಿಲ್ಲ.

ನಾನು ಮೊಣಕಾಲು ನೋವಿರುವವಳು. 2018ರ ಕೊನೆಗೆ ಚಿಗರಿ, ಅಂದರೆ ಹುಬ್ಬಳ್ಳಿ–ಧಾರವಾಡ ನಡುವೆ ತನ್ನದೇ ಪಥದಲ್ಲಿ ಹೋಗುವ ಬಸ್, ಓಡೋಕೆ ಶುರುವಾದ ಮೇಲೆ ಹುಬ್ಬಳ್ಳಿ, ಧಾರವಾಡ ಎರಡಕ್ಕೂ ಒಬ್ಬಳೇ ಹೋಗಿ ಬರುತ್ತೇನೆ. ಬಸ್ಸಿನ ಬಾಗಿಲು ಪ್ಲಾಟ್‌ಫಾರ್ಮಿನ ಮಟ್ಟಕ್ಕೇ ಬರುತ್ತೆ, ಮೆಟ್ಟಿಲು ಹತ್ತೋದಿಲ್ಲ. ದುರ್ಗದಬೈಲಿಗೆ ಹೋಗಿ ಕಾಯಿಪಲ್ಲೆ ತರುತ್ತೇನೆ, ಯಾರಿಗೂ ಫೋನ್ ಮಾಡೋದಿಲ್ಲ. ಆಫೀಸ್ ಹೊತ್ತಿಗೆ ನಿಂತೇ ಹೋಗಬೇಕು, ರಸ್ತೆ ನಡುವಿನ ನಿಲ್ದಾಣಕ್ಕೆ ದಾಟುವುದು ನನ್ನಂಥವರಿಗೆ ಕಷ್ಟ. ಅದನ್ನೂ ಹೇಳಬೇಕು.

ಆದ್ದರಿಂದ ನೀನು ಚಿಗರಿ ಹಿಡಿ. ಕಾರು ಮನೆಯಲ್ಲಿ ಬಿಡು. ಎರಡನೇ ಕಾರಿನ ಪ್ರಶ್ನೆಯೇ ಬರೋದಿಲ್ಲ.

ಮಾಳಮಡ್ಡಿಯವ:
ಅಕ್ಕಾರೆ, ಮನೆಯಲ್ಲಿ ಓದಿ ಹೇಳಿದೆ. ದಿನಾ ಹೋಗಿ ಬರೋದು 40 ಕಿಲೋಮೀಟರ್ ಮೇಲೆ. ಊರೊಳಗೆ ಲೀಟರಿಗೆ 13 ಬಂದರೂ ಮೂರು ಲೀಟರ್ ದಾಟುತ್ತೆ, ದಿನಕ್ಕೆ 300 ರೂಪಾಯಿ ಪೆಟ್ರೋಲಿಗೇ. ಚಿಗರಿ ಟಿಕೆಟ್ ಅದರ ಮುಂದೆ ಏನೂ ಅಲ್ಲ. ನನ್ನದು ಸರಿ ಹೋಗುತ್ತೆ. ಮನೆಯಿಂದ ಮುಖ್ಯ ರಸ್ತೆಯವರೆಗಿನ ಒಂದೂವರೆ ಕಿಲೋಮೀಟರ್‌ಗೆ ಏನು ಮಾಡಲಿ? ಅಪ್ಪ ಅಲ್ಲೇ ಸಿಕ್ಕಿಬಿದ್ದಿರೋದು.

ಟೋಲ್‌ನಾಕಾ:
ಅಣ್ಣಾರೆ, ನಮ್ಮ ಲೇಔಟ್‌ನಲ್ಲೂ ಇದೇ ಇತ್ತು. ಮೊದಲು ನಿಮ್ಮ ಲೇಔಟ್ ಪಾಲಿಕೆಗೆ ಹಸ್ತಾಂತರ ಆಗಿದೆಯಾ ವಿಚಾರಿಸಿ. ಆಗಿರದಿದ್ದರೆ ಬೀದಿ ದೀಪ, ಫುಟ್‌ಪಾತ್ ಕೇಳಿದಾಗ ಪಾಲಿಕೆಯವರು ಲೇಔಟ್ ಮಾಡಿದವರ ಕಡೆ, ಅವರು ಪಾಲಿಕೆ ಕಡೆ ತೋರಿಸುತ್ತಾರೆ. ಬಸ್ಸಿಗೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆಯ ವಿಭಾಗೀಯ ನಿಯಂತ್ರಣಾಧಿಕಾರಿಗೆ ಅರ್ಜಿ ಕೊಡಿ. ಸುಮ್ನೆ ‘ಬಸ್ ಬೇಕು’ ಅಂತ ಬರೆಯಬೇಡಿ. ಎಷ್ಟು ಮನೆ, ಸಾಲಿಗೆ ಹೋಗುವ ಮಕ್ಕಳೆಷ್ಟು, ಯಾವ ಹೊತ್ತಿಗೆ ಬೇಕು, ಬಸ್ ಎಲ್ಲಿ ತಿರುಗಬಹುದು, ಅದನ್ನೆಲ್ಲ ಹಾಕಿ, ಎಲ್ಲರ ಸಹಿ ತಗೊಳ್ಳಿ. ದೊಡ್ಡ ಬಸ್ ತಿರುಗೋಕೆ ಜಾಗ ಇರದಿದ್ದರೆ ಸಣ್ಣ ಬಸ್ ಕೇಳಿ. 2023ರ ಜೂನ್‌ನಿಂದ ಸಾದಾ ಸಿಟಿ ಬಸ್ ಹೆಣ್ಣುಮಕ್ಕಳಿಗೆ ಪುಕ್ಕಟೆ ಇದೆ, ಓಣಿಯ ಹೆಣ್ಣುಮಕ್ಕಳೇ ಮುಂದೆ ನಿಂತು ಸಹಿ ಮಾಡಿಸಿದರು ನಮ್ಮಲ್ಲಿ.

ಬಸ್ ಬರೋತನಕ ಒಬ್ಬ ಆಟೋದವರನ್ನು ತಿಂಗಳ ಲೆಕ್ಕಕ್ಕೆ ಗೊತ್ತು ಮಾಡಿ. ಬೆಳಿಗ್ಗೆ ಅಪ್ಪಾರನ್ನು ಸ್ಟೇಷನ್ ಹತ್ತಿರ ಬಿಟ್ಟು ಬಿಸಿಲೇರೋ ಮುಂಚೆ ಕರ್ಕೊಂಡು ಬರಲಿ. ಆಟೋದವರ ನಂಬರ್ ಅಪ್ಪಾರ ಫೋನಿನಲ್ಲೇ ಹಾಕಿ ಕೊಡಿ. ಕಟಿಂಗ್‌ಗೂ ಅವರೇ ಹೋಗಿ ಬರ್ತಾರೆ.