ಪ್ಲೇಟ್‌ಲೆಟ್ ಜಾಸ್ತಿ ಇದ್ದರೂ ಅಮ್ಮನ ಕಾಲಲ್ಲಿ ಕೆಂಪು ಚುಕ್ಕೆ ಯಾಕೆ?

ಕೊಟ್ಟಿಗೆಹಾರದ ಮಗಳು

ಎಲ್ಲರಿಗೂ ನಮಸ್ಕಾರ. ಅಮ್ಮನ ವಿಷಯ ಕೇಳಬೇಕಿತ್ತು. ಅವರಿಗೆ 61 ವರ್ಷ. ಪ್ಲೇಟ್‌ಲೆಟ್ ಜಾಸ್ತಿ ಆಗುವ ಕಾಯಿಲೆ, ಎಸೆನ್ಷಿಯಲ್ ಥ್ರಾಂಬೊಸೈಥೀಮಿಯಾ. ಜಾಕ್2 ಅನ್ನುವ ಜೀನ್ ಬದಲಾವಣೆಯ ಟೆಸ್ಟ್ ಪಾಸಿಟಿವ್. ಹೈಡ್ರಾಕ್ಸಿಯೂರಿಯಾ 500 ಮಿ.ಗ್ರಾಂ ಕ್ಯಾಪ್ಸೂಲ್ ತಗೊಳ್ತಾರೆ, ಜೊತೆಗೆ ಊಟ ಆದಮೇಲೆ ಆಸ್ಪಿರಿನ್ 75. ಮಂಗಳೂರಿನಲ್ಲಿ ರಕ್ತದ ಕಾಯಿಲೆ ನೋಡುವ ಡಾಕ್ಟರ್ ಹತ್ತಿರ ತೋರಿಸುತ್ತಿದ್ದೇವೆ. ಇಷ್ಟು ದಿನ ದೊಡ್ಡ ತೊಂದರೆ ಏನೂ ಇರಲಿಲ್ಲ.

ಮಳೆ ಶುರುವಾದ ಮೇಲೆ ಮೈಮೇಲೆ ಮೂರು ತರದ ಕಲೆ ಬಂದಿವೆ. ಮೊಣಕಾಲಿನ ಕೆಳಗೆ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆಗಳು, ರಾಶಿ ರಾಶಿ, ತುರಿಕೆ ಇಲ್ಲ, ನೋವಿಲ್ಲ. ಮುಂಗೈ ಮೇಲೆ ನೇರಳೆ ಬಣ್ಣದ ಕಲೆಗಳು, ಎಲ್ಲೂ ತಾಗಿಸಿಕೊಂಡ ನೆನಪಿಲ್ಲ ಅಂತಾರೆ. ಎಡಗಾಲಿನ ಹರಡಿನ ಹತ್ತಿರ ಒಂದು ಕಪ್ಪು ಕಲೆ, ಮುಟ್ಟಿದರೆ ಒರಟು, ಒತ್ತಿದರೆ ನೋವು.

ಇಲ್ಲಿನ ಡಾಕ್ಟರ್ ಅಲರ್ಜಿ ಅಂತ ಮಾತ್ರೆ, ಮುಲಾಮು ಕೊಟ್ಟರು. ಕಡಿಮೆ ಆಗಲಿಲ್ಲ. ಪಕ್ಕದ ಮನೆಯವರು ಉಷ್ಣ ಆಗಿದೆ, ಎಳನೀರು ಕೊಡಿ ಅಂತಾರೆ. ದೊಡ್ಡಮ್ಮ ತೋಟದಲ್ಲಿ ಇಂಬಳ ಕಚ್ಚಿರಬೇಕು ಅಂತಾರೆ, ಆದರೆ ಇಂಬಳ ಕಚ್ಚಿದ ಗುರುತು ನಮಗೆ ಗೊತ್ತಿಲ್ವಾ, ಇದು ಅದಲ್ಲ.

ನನಗೆ ಅರ್ಥವಾಗದಿರುವುದು ಒಂದೇ. ಎಲ್ಲಿ ಓದಿದರೂ ಕೆಂಪು ಚುಕ್ಕೆ ಅಂದರೆ ಪ್ಲೇಟ್‌ಲೆಟ್ ಕಡಿಮೆ ಅಂತ ಬರೆದಿದೆ. ಅಮ್ಮನದ್ದು ಮಳೆಗಾಲಕ್ಕೆ ಮುಂಚೆ ಮಾಡಿಸಿದಾಗ ಆರು ಲಕ್ಷ ಇತ್ತು. ಹಾಗಿದ್ದರೆ ಈ ಚುಕ್ಕೆ ಎಲ್ಲಿಂದ ಬಂತು? ಮುಂದಿನ ಚೆಕಪ್ ಇನ್ನೂ ದೂರ ಇದೆ. ಚಾರ್ಮಾಡಿಯಲ್ಲಿ ಗುಡ್ಡ ಕುಸಿಯುವ ಭಯ, ಅದರ ಮೇಲೆ ಅಮ್ಮನಿಗೆ ಘಾಟಿ ತಿರುವಲ್ಲಿ ವಾಂತಿ. ಕಾಯಬಹುದಾ, ಈಗಲೇ ಹೊರಡಬೇಕಾ? ಇಂಥ ಕಾಯಿಲೆ ಇರುವವರು, ಮನೆಯಲ್ಲಿ ನೋಡಿಕೊಳ್ಳುವವರು ದಯವಿಟ್ಟು ಹೇಳಿ.

ಸಕಲೇಶಪುರದವನು

ಅಕ್ಕಾ, ನನಗೆ ಇರುವುದು ನಿಮ್ಮ ಅಮ್ಮನ ಕಾಯಿಲೆಗೆ ಪೂರ್ತಿ ಉಲ್ಟಾ. ಐಟಿಪಿ. ನನ್ನ ದೇಹವೇ ನನ್ನ ಪ್ಲೇಟ್‌ಲೆಟ್‌ಗಳನ್ನು ನಾಶ ಮಾಡುತ್ತದೆ. ಹಾಗಾಗಿ ಈ ಸಣ್ಣ ಚುಕ್ಕೆಗಳ ಜೊತೆ ವರ್ಷಗಳಿಂದ ಬದುಕುತ್ತಿದ್ದೇನೆ.

ಮೊದಲು ಒಂದು ಕೆಲಸ ಮಾಡಿ. ಗೆರೆ, ಚಿತ್ರ ಏನೂ ಇಲ್ಲದ ಗಾಜಿನ ಲೋಟ ತಗೊಂಡು ಚುಕ್ಕೆ ಮೇಲೆ ಒತ್ತಿ ಹಿಡಿದು, ಗಾಜಿನ ಮೂಲಕವೇ ನೋಡಿ. ಒತ್ತಿದಾಗ ಕೆಂಪು ಮಾಯವಾಗಿ ಬಿಟ್ಟಾಗ ಮತ್ತೆ ಬಂದರೆ ರಕ್ತ ಇನ್ನೂ ನಾಳದ ಒಳಗೇ ಇದೆ ಅಂತ. ಅಲರ್ಜಿ ದದ್ದು ಸಾಮಾನ್ಯವಾಗಿ ಹೀಗೆ, ತುರಿಕೆಯೂ ಇರುತ್ತದೆ. ಒತ್ತಿದರೂ ಹಾಗೇ ಉಳಿದರೆ ರಕ್ತ ನಾಳದಿಂದ ಹೊರಗೆ ಬಂದು ಚರ್ಮದಡಿ ನಿಂತಿದೆ. ಆ ತರದ್ದಕ್ಕೆ ಪೆಟೀಕಿಯೆ ಅಂತಾರೆ. ಕಾಲಲ್ಲಿ ಒತ್ತಡ ಜಾಸ್ತಿ ಇರುವುದರಿಂದ ಮೊದಲು ಮೊಣಕಾಲಿನ ಕೆಳಗೇ ಕಾಣಿಸಿಕೊಳ್ಳುತ್ತವೆ, ಇಡೀ ದಿನ ನಿಂತು ಕೆಲಸ ಮಾಡಿದರೆ ಸಂಜೆಗೆ ಇನ್ನೂ ಜಾಸ್ತಿ.

ಆಮೇಲೆ ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿ. ಕೆನ್ನೆಯ ಒಳಭಾಗ, ನಾಲಿಗೆ ಅಡಿ, ಅಂಗಳ. ಅಲ್ಲಿ ಕಪ್ಪು ಕೆಂಪು ರಕ್ತದ ಗುಳ್ಳೆ ಇದ್ದರೆ ಚರ್ಮದ ಚುಕ್ಕೆಗಿಂತ ಅದು ಗಂಭೀರ. ನಾನು ಬೆಳಿಗ್ಗೆ ಹಲ್ಲುಜ್ಜುವಾಗ ನೋಡಿಕೊಳ್ಳುವುದು ಅದನ್ನೇ. ಜೋರು ತಲೆನೋವು, ವಾಂತಿ, ಮಾತು ತೊದಲುವುದು, ಕಣ್ಣು ಮಂಜಾಗುವುದು, ಟಾರಿನಂತೆ ಕಪ್ಪು ಮಲ, ನಿಲ್ಲದ ಮೂಗಿನ ರಕ್ತ, ಚುಕ್ಕೆ ಜೊತೆ ಜ್ವರ, ಇವುಗಳಲ್ಲಿ ಒಂದು ಕಂಡರೂ ಮಂಗಳೂರು ಡಾಕ್ಟರಿಗೆ ಕಾಯಬೇಡಿ, ಹತ್ತಿರದ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.

ಇನ್ನೊಂದು, ಆರು ಲಕ್ಷ ಅನ್ನುವುದು ಹಳೇ ಲೆಕ್ಕ. ಹೈಡ್ರಾಕ್ಸಿಯೂರಿಯಾ ಪ್ಲೇಟ್‌ಲೆಟ್ ಇಳಿಸುವ ಔಷಧಿ ತಾನೇ, ಅದು ಅತಿಯಾಗಿ ಇಳಿಸಿರಲೂಬಹುದು. ಚುಕ್ಕೆ ಇವತ್ತಿನದಾದರೆ ರಕ್ತದ ರಿಪೋರ್ಟೂ ಇವತ್ತಿನದೇ ಬೇಕು.

ಅತಿಥಿ

ಪಪ್ಪಾಯ ಎಲೆ ರಸ ಕೊಡಿ, ಜೊತೆಗೆ ಅಮೃತಬಳ್ಳಿ ಕಷಾಯ. ನಮ್ಮಣ್ಣನಿಗೆ ಡೆಂಗಿ ಬಂದಾಗ ಪ್ಲೇಟ್‌ಲೆಟ್ ಸರ್ರನೆ ಏರಿತು. ಸೈಡ್ ಎಫೆಕ್ಟ್ ಏನೂ ಇಲ್ಲ.

ಹಾಸನ ಲ್ಯಾಬ್

ಮೇಲೆ ಬರೆದವರಿಗೆ: ನಿಮ್ಮಣ್ಣ ಹುಷಾರಾಗಿದ್ದು ಸಂತೋಷ. ಆದರೆ ಡೆಂಗಿಯಲ್ಲಿ ಜ್ವರ ಬಿಟ್ಟ ಕೆಲವು ದಿನಕ್ಕೆ ಪ್ಲೇಟ್‌ಲೆಟ್ ತಾನಾಗಿಯೇ ಏರುತ್ತದೆ, ರಸ ಕುಡಿಯದಿದ್ದರೂ ಏರುತ್ತದೆ. ಈ ಅಮ್ಮನ ಕಾಯಿಲೆಯೇ ಪ್ಲೇಟ್‌ಲೆಟ್ ಜಾಸ್ತಿ ಆಗುವುದು, ಅದನ್ನು ಏರಿಸುವ ಮಾತೇ ಬೇಡ. ಅಮೃತಬಳ್ಳಿಯಿಂದ ಲಿವರ್‌ಗೆ ಪೆಟ್ಟು ಬಿದ್ದ ರೋಗಿಗಳ ಬಗ್ಗೆ ಮುಂಬೈ ವೈದ್ಯರು 2021ರಲ್ಲೇ ವರದಿ ಮಾಡಿದ್ದಾರೆ. ಸೈಡ್ ಎಫೆಕ್ಟ್ ಇಲ್ಲ ಅಂತ ದಯವಿಟ್ಟು ಹೇಳಬೇಡಿ.

ಈಗ ಅಕ್ಕನ ಪ್ರಶ್ನೆಗೆ. ನಾನು ಡಾಕ್ಟರ್ ಅಲ್ಲ, ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಪ್ಲೇಟ್‌ಲೆಟ್ ಜಾಸ್ತಿ ಇದ್ದರೂ ರಕ್ತ ಸೋರಬಹುದು. ತುಂಬಾ ಜನಕ್ಕೆ ಇದು ಗೊತ್ತಿಲ್ಲ. ಪ್ಲೇಟ್‌ಲೆಟ್‌ಗಳನ್ನು ಗಾಯದ ಜಾಗಕ್ಕೆ ಅಂಟಿಸುವ ಒಂದು ಪ್ರೋಟೀನ್ ರಕ್ತದಲ್ಲಿದೆ, ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಅಂತ. ಪ್ಲೇಟ್‌ಲೆಟ್ ಅತಿಯಾದಾಗ, ಅದರಲ್ಲೂ ಹತ್ತು ಲಕ್ಷ ದಾಟಿದಾಗ, ಆ ಪ್ರೋಟೀನ್ ಪ್ಲೇಟ್‌ಲೆಟ್‌ಗಳಿಗೇ ಅಂಟಿಕೊಂಡು ಖರ್ಚಾಗಿಬಿಡುತ್ತದೆ. ಇಟ್ಟಿಗೆ ರಾಶಿ ಬಿದ್ದಿದೆ, ಗಾರೆ ಮುಗಿದಿದೆ ಅನ್ನೋ ಹಾಗೆ. ಅದರ ಮೇಲೆ ಆಸ್ಪಿರಿನ್ ಬೇರೆ, ಅದು ಪ್ಲೇಟ್‌ಲೆಟ್‌ಗಳ ಕೆಲಸವನ್ನೇ ತಡೆಯುವ ಮಾತ್ರೆ. ಹಾಗಂತ ನೀವೇ ಆಸ್ಪಿರಿನ್ ನಿಲ್ಲಿಸಬೇಡಿ. ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬರದಿರಲಿ ಅಂತ ಕೊಟ್ಟಿರುವುದು ಅದು. ನಿಲ್ಲಿಸಬೇಕಾ ಬೇಡವಾ ಅನ್ನುವುದನ್ನು ಡಾಕ್ಟರೇ ಹೇಳಬೇಕು.

ನಾಳೆ ಬೆಳಿಗ್ಗೆ ಮೂಡಿಗೆರೆಯಲ್ಲೋ ಚಿಕ್ಕಮಗಳೂರಿನಲ್ಲೋ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ ಮಾಡಿಸಿ, ಸ್ಮಿಯರ್ ಕೂಡ ನೋಡಲು ಹೇಳಿ. ಅಂದರೆ ಮೆಷಿನ್ ಎಣಿಕೆಯ ಜೊತೆ ಗಾಜಿನ ಪಟ್ಟಿ ಮೇಲೆ ರಕ್ತ ಹರಡಿ ಕಣ್ಣಲ್ಲೂ ನೋಡುವುದು. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಕೆಲವರ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಮೆಷಿನ್ ಕಡಿಮೆ ಎಣಿಸುತ್ತದೆ, ಮನೆಯವರು ಸುಮ್ನೆ ಗಾಬರಿ ಬೀಳುತ್ತಾರೆ. ಅನುಮಾನ ಬಂದರೆ ನೀಲಿ ಮುಚ್ಚಳದ ಟ್ಯೂಬಿನಲ್ಲಿ ಇನ್ನೊಮ್ಮೆ ಮಾಡುತ್ತಾರೆ.

ತುಂಬಾ ಮುಖ್ಯವಾದ ಮಾತು. ನಮ್ಮ ಕಡೆ ಮೈಕೈ ನೋವು, ಜ್ವರ ಅಂದರೆ ಒಂದು ಇಂಜೆಕ್ಷನ್ ಚುಚ್ಚಿಸಿಕೊಳ್ಳುವ ಅಭ್ಯಾಸ ಇದೆ. ಇದು ಏನು ಅಂತ ಗೊತ್ತಾಗುವವರೆಗೆ ಅಮ್ಮನಿಗೆ ಸೊಂಟಕ್ಕೆ ಇಂಜೆಕ್ಷನ್ ಬೇಡ, ಡೈಕ್ಲೋಫೆನಾಕ್, ಐಬುಪ್ರೊಫೇನ್ ಬೇಡ. ನೋವಿದ್ದರೆ ಪ್ಯಾರಾಸಿಟಮಾಲ್ ಸಾಕು. ಯಾವ ಕ್ಲಿನಿಕ್‌ಗೆ ಹೋದರೂ ಬಾಗಿಲಲ್ಲೇ ಹೇಳಿ, ರಕ್ತದ ಕಾಯಿಲೆ ಇದೆ, ಹೈಡ್ರಾಕ್ಸಿಯೂರಿಯಾ ತಗೊಳ್ತಾರೆ ಅಂತ.

ಬಾಳೆಹೊನ್ನೂರು ರಾಯರು

ತಂಗೀ, ನನಗೆ ಪಾಲಿಸೈಥೀಮಿಯಾ ವೆರಾ, ನಿಮ್ಮಮ್ಮನ ಕಾಯಿಲೆಯ ಅಣ್ಣ ಅಂತಲೇ ತಿಳ್ಕೊಳ್ಳಿ. ಕೆಂಪು ರಕ್ತಕಣ ಜಾಸ್ತಿ, ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಶೇ 45ಕ್ಕಿಂತ ಕೆಳಗಿರಲಿ ಅಂತ ಆಗಾಗ ರಕ್ತ ತೆಗೆಯುತ್ತಾರೆ. ಅದೇ ಕ್ಯಾಪ್ಸೂಲ್ ನಾನೂ ನುಂಗುತ್ತೇನೆ.

ಮೂರು ಕಲೆಗೂ ಒಂದೇ ಕಾರಣ ಇರಬೇಕು ಅಂತ ಅಂದುಕೊಳ್ಳಬೇಡಿ. ಕಾಲಿನ ಚುಕ್ಕೆ ಬಗ್ಗೆ ಮೇಲಿನವರು ಸರಿಯಾಗಿ ಹೇಳಿದ್ದಾರೆ. ಮುಂಗೈ ನೇರಳೆ ಕಲೆ ವಯಸ್ಸಾದವರಲ್ಲಿ ಚರ್ಮ ತೆಳುವಾಗಿ ಬರುತ್ತದೆ, ಆಸ್ಪಿರಿನ್ ತಗೊಳ್ಳುವವರಿಗೆ ಇನ್ನೂ ಬೇಗ. ನನಗೆ ಯೋಚನೆ ಆಗಿರುವುದು ಹರಡಿನ ಹತ್ತಿರದ ಕಲೆ. ಹೈಡ್ರಾಕ್ಸಿಯೂರಿಯಾವನ್ನು ತುಂಬಾ ಕಾಲ ತಗೊಂಡರೆ ಕೆಲವರಿಗೆ ಚರ್ಮ ಅಲ್ಲಲ್ಲಿ ಕಪ್ಪಾಗುತ್ತದೆ, ಉಗುರಿನಲ್ಲಿ ಕಪ್ಪು ಗೆರೆ ಬರುತ್ತದೆ. ಅದರಿಂದ ಅಪಾಯ ಇಲ್ಲ. ಆದರೆ ಹರಡಿನ ಸುತ್ತ ನೋವಿನ ಹುಣ್ಣು ಆಗುವುದೂ ಇದೇ ಔಷಧಿಯಿಂದ. ಮೊದಲು ಕಪ್ಪಾಗಿ ನೋಯುತ್ತದೆ, ಆಮೇಲೆ ಒಡೆಯುತ್ತದೆ, ಒಡೆದ ಮೇಲೆ ಮುಲಾಮಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಬಹಳ ಜನಕ್ಕೆ ಔಷಧಿ ಬದಲಾಯಿಸಿದ ಮೇಲೇ ವಾಸಿಯಾಗುವುದು. ಬದಲಿಗೆ ಕೊಡಲು ಇಂಟರ್‌ಫೆರಾನ್, ಅನಾಗ್ರಿಲೈಡ್ ಇವೆ, ಯಾವುದು ಅಂತ ಡಾಕ್ಟರ್ ನೋಡುತ್ತಾರೆ. ಒಡೆಯುವ ಮುಂಚೆ ತೋರಿಸಿ, ಅಷ್ಟೇ ನನ್ನ ಬೇಡಿಕೆ.

ಇದರ ಜೊತೆ ಬಿಸಿಲಿನ ವಿಷಯ. ಈ ಔಷಧಿ ತಗೊಳ್ಳುವವರಿಗೆ ಬಿಸಿಲು ಬೀಳುವ ಜಾಗದಲ್ಲಿ ಚರ್ಮದ ಕ್ಯಾನ್ಸರ್ ಸಂಭವ ಸ್ವಲ್ಪ ಜಾಸ್ತಿ. ಮುಖ, ಕಿವಿ, ಕೈ ಹಿಂಭಾಗದಲ್ಲಿ ಒರಟಾದ, ಮಾಯದ ಕಲೆ ಕಂಡರೆ ಚರ್ಮದ ಡಾಕ್ಟರಿಗೆ ತೋರಿಸಬೇಕು. ನಾನು ತೋಟಕ್ಕೆ ತುಂಬುತೋಳು ಅಂಗಿ, ಅಗಲ ಟೋಪಿ ಇಲ್ಲದೆ ಹೋಗುವುದಿಲ್ಲ. ಕಾಲ್ಬೆರಳು ಕೆಂಪಾಗಿ ಬೆಂಕಿ ಹಾಗೆ ಉರಿಯುತ್ತಾ, ಸ್ನಾನ ಆದಮೇಲೆ ಚುಕ್ಕೆ ಏನೂ ಇಲ್ಲದೆ ಮೈಯೆಲ್ಲ ತುರಿಕೆ ಬರುತ್ತಾ, ಅದನ್ನೂ ಅಮ್ಮನಿಗೆ ಕೇಳಿ. ಎರಡೂ ನಮ್ಮ ಕಾಯಿಲೆಗೆ ಸೇರಿದ್ದು, ಆದರೆ ನಾಚಿಕೆಗೋ ಏನೋ ಯಾರೂ ಡಾಕ್ಟರ್ ಮುಂದೆ ಬಾಯಿಬಿಡುವುದಿಲ್ಲ.

ಈ ಕಡೆ ಓದುವ ಬೇರೆಯವರಿಗೂ ಒಂದು ಮಾತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆ ಬೇಸಿಗೆ ಬಂದರೆ ಮಂಗನ ಕಾಯಿಲೆ ಇದೆ, ಉಣುಗು ಕಚ್ಚಿ ಬರುವಂಥದ್ದು, ಅದರಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಮಳೆಗಾಲಕ್ಕೆ ಡೆಂಗಿ. ರಕ್ತದ ಕಾಯಿಲೆ ಮೊದಲೇ ಇದೆ ಅಂತ ಪ್ರತಿ ಚುಕ್ಕೆಯನ್ನೂ ಅದರ ತಲೆಗೇ ಕಟ್ಟಬೇಡಿ. ಜ್ವರ ಇದ್ದರೆ ಅವನ್ನೂ ಪರೀಕ್ಷೆ ಮಾಡಿಸಿ.

ಕೊಟ್ಟಿಗೆಹಾರದ ಮಗಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲೋಟ ಒತ್ತಿ ನೋಡಿದೆ, ಕಾಲಿನ ಚುಕ್ಕೆ ಮಾಯವಾಗಲಿಲ್ಲ. ಬಾಯಲ್ಲಿ ಏನೂ ಇಲ್ಲ, ಜ್ವರವೂ ಇಲ್ಲ. ಚಿಕ್ಕಮಗಳೂರಿಗೆ ಹೋಗಿ ಸಿಬಿಸಿ, ಸ್ಮಿಯರ್ ಎರಡೂ ಮಾಡಿಸಿದೆವು. ಪ್ಲೇಟ್‌ಲೆಟ್ 11 ಲಕ್ಷದ ಮೇಲಿದೆ! ಹಾಸನ ಲ್ಯಾಬ್‌ನವರು ಹೇಳಿದ ಹಾಗೇ ಆಯಿತು. ಕೇಳಿದಾಗ ಗೊತ್ತಾಯಿತು, ಬಾಯಿಹುಣ್ಣು ಆಗುತ್ತದೆ ಅಂತ ಅಮ್ಮ ಕ್ಯಾಪ್ಸೂಲ್ ಆಗಾಗ ಬಿಡುತ್ತಿದ್ದರಂತೆ. ನನಗೆ ಬೇಜಾರಾಗಬಾರದು ಅಂತ ಹೇಳಿರಲಿಲ್ಲ, ಪಾಪ.

ರಿಪೋರ್ಟ್, ಫೋಟೋ ಎರಡನ್ನೂ ಮಂಗಳೂರು ಡಾಕ್ಟರಿಗೆ ಕಳಿಸಿದೆ. ಸದ್ಯಕ್ಕೆ ಆಸ್ಪಿರಿನ್ ನಿಲ್ಲಿಸಿ, ಈ ವಾರವೇ ಬನ್ನಿ, ಆ ಫ್ಯಾಕ್ಟರ್ ಟೆಸ್ಟ್ ಮಾಡೋಣ ಅಂದರು. ಹರಡಿನ ಕಲೆಯನ್ನು ಫೋಟೋದಲ್ಲಿ ನೋಡಿ ಹೇಳಲು ಆಗುವುದಿಲ್ಲ, ಚರ್ಮದ ಡಾಕ್ಟರ್ ಜೊತೆ ಸೇರಿ ನೋಡುತ್ತೇವೆ ಅಂದರು. ರಾಯರೇ, ಸ್ನಾನದ ಮೇಲೆ ತುರಿಕೆ ಇದೆ ಅಂತ ಅಮ್ಮ ಒಪ್ಪಿಕೊಂಡರು. ಸೋಪಿನಿಂದ ಅಂದುಕೊಂಡಿದ್ದರಂತೆ.

ಹೋಗುವಾಗ ಏನೇನು ತಗೊಂಡು ಹೋಗಲಿ?

ಬಾಳೆಹೊನ್ನೂರು ರಾಯರು

ಹಳೇ ಸಿಬಿಸಿ ರಿಪೋರ್ಟ್ ಎಲ್ಲ ತಾರೀಖಿನ ಪ್ರಕಾರ ಜೋಡಿಸಿ. ಕಲೆಗಳ ಫೋಟೋ ದಿನಾ ಒಂದು ತೆಗೆಯಿರಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು, ದೊಡ್ಡದಾಗುತ್ತಿದೆಯಾ ಅಂತ ಗೊತ್ತಾಗಲಿ. ತಗೊಳ್ಳುವ ಔಷಧಿಗಳನ್ನೆಲ್ಲ, ಅಲರ್ಜಿ ಮಾತ್ರೆ, ಮುಲಾಮು, ಕಷಾಯ ಸೇರಿಸಿ, ಒಂದು ಚೀಲಕ್ಕೆ ಹಾಕಿ. ಬಾಯಿಹುಣ್ಣಿನ ವಿಷಯ ಅಮ್ಮನ ಬಾಯಿಂದಲೇ ಹೇಳಿಸಿ, ಡೋಸ್ ಅಥವಾ ಔಷಧಿ ಬದಲಿಸಲು ಅದೂ ಕಾರಣ ಆಗುತ್ತದೆ. ಕಾಲಿಗೆ ಸಡಿಲ ಚಪ್ಪಲಿ ಹಾಕಿಸಿ, ಹರಡಿಗೆ ಏನೂ ಉಜ್ಜಬಾರದು. ಚಾರ್ಮಾಡಿಯಲ್ಲಿ ವಾಹನ ಬಿಡ್ತಿದ್ದಾರಾ ಅಂತ ಹಿಂದಿನ ರಾತ್ರಿಯೇ ವಿಚಾರಿಸಿಕೊಂಡು ಬೆಳಕು ಹರಿದ ಮೇಲೆ ಹೊರಡಿ.