ಕಣ್ಣು ಕಾಣದ ಅಮ್ಮನಿಗೆ ಯಾವ ಡಿಜಿಟಲ್ ರೇಡಿಯೊ?

ಪ್ರಶ್ನೆ ಕೇಳಿದವರು:
ಅಮ್ಮನಿಗೆ 72 ವರ್ಷ. ಗ್ಲಾಕೋಮಾದಿಂದ ದೃಷ್ಟಿ ಪೂರ್ತಿ ಹೋಗಿದೆ. ಇಷ್ಟು ದಿನ ಹಳೆಯ ಎಫ್‌ಎಂ ಸೆಟ್ಟಿನ ಗುಬುಟು ತಿರುಗಿಸಿ ಕಿವಿಯ ಅಂದಾಜಿನಲ್ಲೇ ಕೇಂದ್ರ ಹಿಡಿಯುತ್ತಿದ್ದರು. ಅದು ಈಗ ಕೈಕೊಟ್ಟಿದೆ. ಡಿಎಬಿ (ಒಂದು ಬಗೆಯ ಡಿಜಿಟಲ್ ರೇಡಿಯೊ ಪ್ರಸಾರ) ಸೆಟ್ ತರೋಣವೆಂದರೆ ಕಂಡದ್ದಕ್ಕೆಲ್ಲ ಪರದೆ, ಪರದೆಯೊಳಗೆ ಮೆನು. ಬಳಸಿದವರು ಹೇಳಿ.

ಹುಟ್ಟಿನಿಂದ ಕಣ್ಣಿಲ್ಲದ ಕೇಳುಗ:
ಮೂರು ಡಿಜಿಟಲ್ ಸೆಟ್ಟುಗಳನ್ನು ಬಳಸಿದ್ದೇನೆ, ಎರಡಕ್ಕೆ ಹಿಡಿಶಾಪ ಹಾಕಿದ್ದೇನೆ. ‘ಮಾತನಾಡುವ ರೇಡಿಯೊ’ ಎಂಬ ಹೆಸರಿಗೆ ಮರುಳಾಗಬೇಡಿ. ಏನೇನು ಮಾತನಾಡುತ್ತದೆ ಎಂದು ವಿಚಾರಿಸಿ. ನನ್ನ ಮೊದಲ ಸೆಟ್ ಗಂಟೆ ಎಷ್ಟೆಂದು ಹೇಳುತ್ತಿತ್ತು, ಮಿಕ್ಕದ್ದಕ್ಕೆಲ್ಲ ಮೌನವ್ರತ. ಕೇಂದ್ರದ ಹೆಸರು, ಮೆನುವಿನ ಪ್ರತಿ ಸಾಲು, ಅಲಾರಂ, ಉಳಿದಿರುವ ಬ್ಯಾಟರಿ, ಇಷ್ಟನ್ನೂ ಅದು ಓದಬೇಕು. (ಡಿಎಬಿಯಲ್ಲಿ ಕೇಂದ್ರದ ಹೆಸರಿಗೆ 16 ಅಕ್ಷರಗಳಷ್ಟೇ ಜಾಗ. ತುಂಡು ಹೆಸರುಗಳನ್ನು ಯಂತ್ರ ತೊದಲುತ್ತಾ ಓದುವುದು ಕೇಳಲು ಮಜವಾಗಿರುತ್ತದೆ.) ಮೊದಲ ಸಲ ಸ್ವಿಚ್ ಹಾಕಿದಾಗಲೇ ಮಾತು ಶುರುವಾಗಬೇಕು. ಧ್ವನಿಯನ್ನು ಚಾಲೂ ಮಾಡುವ ಆಯ್ಕೆಯನ್ನೇ ಮೆನುವಿನೊಳಗೆ ಅಡಗಿಸಿಟ್ಟ ಸೆಟ್ಟುಗಳಿವೆ. ಬೀಗದ ಕೈಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ ಹಾಗೆ.

ಇನ್ನು ಗುಬುಟು. ಹಳೆಯದಕ್ಕೆ ಎರಡೂ ತುದಿಯಲ್ಲಿ ತಡೆ ಇತ್ತು, ಎಲ್ಲಿದ್ದೇನೆಂದು ಬೆರಳಿಗೆ ಗೊತ್ತಾಗುತ್ತಿತ್ತು. ಡಿಜಿಟಲ್ ಗುಬುಟು ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ. ಎರಡನೆಯ ಸೆಟ್ಟಿನಲ್ಲಿ ನಾನು ‘ಟಿಕ್’ ಎಣಿಸುತ್ತಿದ್ದೆ: ಏಳನೆಯ ಟಿಕ್ಕಿಗೆ ಸಂಗೀತ. ಒಮ್ಮೆ ಕೇಂದ್ರಗಳನ್ನು ಹೊಸದಾಗಿ ಹುಡುಕಿಸಿದಾಗ ಇನ್ನೆರಡು ಸೇರಿಕೊಂಡು, ಅಕ್ಷರಕ್ರಮದ ಪಟ್ಟಿಯೇ ಕದಲಿತು. ರಾತ್ರಿ ದೀರ್ಘ ನಿದ್ದೆಯ ಆಸೆಯಿಂದ ಏಳು ಎಣಿಸಿದರೆ ಕಿವಿಗೆ ಬಿದ್ದದ್ದು ಷೇರುಪೇಟೆಯ ವರದಿ. ಅಮ್ಮನಿಗೆ ಬೇಕಾದ ನಾಲ್ಕೈದು ಕೇಂದ್ರಗಳಿಗೆ ಒಂದೊಂದು ಗುಂಡಿ ಇರಲಿ. ಉಬ್ಬಿದ, ನಡುವೆ ಸಂದಿಯಿರುವ, ಒತ್ತಿದರೆ ಒತ್ತಿದಂತಾಗುವ ಗುಂಡಿ.

ಮಾವನ ರೇಡಿಯೊ ನೋಡಿಕೊಳ್ಳುವ ಸೊಸೆ:
ಇಂಟರ್‌ನೆಟ್ ರೇಡಿಯೊದ ಮಾತು ಬರಲಿಲ್ಲ, ನಾನೇ ಹೇಳುತ್ತೇನೆ. ನಾವು ತಂದ ಸೆಟ್ಟಿಗೆ ವೈ-ಫೈ ಪಾಸ್‌ವರ್ಡನ್ನು ಒಂದೇ ಗುಬುಟು ತಿರುಗಿಸಿ ಅಕ್ಷರ ಅಕ್ಷರವಾಗಿ ತುಂಬಬೇಕಿತ್ತು. ಕಣ್ಣಿರುವ ನನಗೇ ಮೂರು ಸಲ ತಪ್ಪಿತು. ರೂಟರ್ ಬದಲಾದಾಗ ಮತ್ತೆ ಅದೇ ಪಾಡು. ಮೊಬೈಲ್ ಆ್ಯಪ್‌ನಿಂದ ಹೊಂದಿಸುವಂಥದ್ದಾದರೆ, ಆ ಆ್ಯಪ್ ಮೊಬೈಲ್ ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಅಥವಾ ವಾಯ್ಸ್‌ಓವರ್ ಜೊತೆ ಹೊಂದಿಕೊಳ್ಳುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ. ಸ್ಮಾರ್ಟ್ ಸ್ಪೀಕರನ್ನೂ ತಂದೆವು. ಹೆಸರು ಹೇಳಿದರೆ ಕೇಂದ್ರ ಬರುತ್ತದೆ, ನಿಜ. ‘ಡಬ್ಬಿಯ ಜೊತೆ ಮಾತನಾಡಲು ನನಗೇನು ಹುಚ್ಚೇ?’ ಎಂದು ಮಾವ ಅದನ್ನು ಮೂಲೆಗೆ ತಳ್ಳಿದರು. ನೆಟ್ ಇಲ್ಲದ ದಿನ ಅದಕ್ಕೂ ಬಾಯಿ ಕಟ್ಟುತ್ತದೆ. ಕೊನೆಗೆ ಕೆಲಸಕ್ಕೆ ಬಂದದ್ದು ಸಾಧಾರಣ ಸೆಟ್ಟಿನ ಆನ್ ಗುಂಡಿಯ ಮೇಲೆ ಅಂಟಿಸಿದ ಒಂದು ಉಬ್ಬುಚುಕ್ಕೆ. ಎಲ್ಲ ಗುಂಡಿಗಳಿಗೂ ಅಂಟಿಸಿ ಬೆರಳನ್ನು ಗಲಿಬಿಲಿಗೊಳಿಸಬೇಡಿ.

ಹಳೆಯ ಸೆಟ್ ರಿಪೇರಿ ಮಾಡುವವ:
ಬಳಸಿದ ಸೆಟ್ ಕೊಳ್ಳುವುದಾದರೆ ಎಚ್ಚರ. ಡಿಎಬಿಯ ಸುಧಾರಿತ ರೂಪವಾದ ಡಿಎಬಿ ಪ್ಲಸ್ ಬಂದದ್ದು 2007ರಲ್ಲಿ. ಬರಿಯ ಡಿಎಬಿ ಸೆಟ್ಟುಗಳಿಗೆ ಅದರ ಧ್ವನಿಯನ್ನು ಬಿಡಿಸಲು ಬರುವುದಿಲ್ಲ. ಡಿಆರ್‌ಎಂ ಎಂಬ ಇನ್ನೊಂದು ಬಗೆಯ ಡಿಜಿಟಲ್ ಪ್ರಸಾರವಿರುವ ಕಡೆ ಅದಕ್ಕೆ ಹೊಂದುವ ಸೆಟ್ಟೇ ಬೇಕು.

ಇನ್ನೊಂದು ಮಾತು. ಎಫ್‌ಎಂನಲ್ಲಿ ಸಂಕೇತ ಕುಂದಿದರೆ ಸುಯ್ ಎನ್ನುತ್ತದೆ. ಆ ಸದ್ದನ್ನು ಆಲಿಸುತ್ತಲೇ ಆಂಟೆನಾ ತಿರುಗಿಸಬಹುದು. ಡಿಜಿಟಲ್‌ನಲ್ಲಿ ಒಂದು ಹಂತದವರೆಗೆ ಧ್ವನಿ ಶುದ್ಧ, ಆಮೇಲೆ ನೀರೊಳಗಿನ ಗುಳುಗುಳು, ಮರುಕ್ಷಣ ಏನೂ ಇಲ್ಲ. ಸಂಕೇತದ ಬಲ ಸಾಮಾನ್ಯವಾಗಿ ಪರದೆಯ ಮೇಲಷ್ಟೇ ಕಾಣುತ್ತದೆ. ಆದ್ದರಿಂದ ಸೆಟ್ ಇಡುವ ಜಾಗವನ್ನು ನೀವೇ ನೋಡಿ ಗೊತ್ತುಮಾಡಿ. ಧೂಳು ಒರೆಸುವ ನೆಪದಲ್ಲಿ ಅದನ್ನು ಸರಿಸಬೇಡಿ.

ಪ್ರಶ್ನೆ ಕೇಳಿದವರು:
ಅಮ್ಮನನ್ನೇ ಅಂಗಡಿಗೆ ಕರೆದೊಯ್ದೆ. ನುಣುಪು ಮುಖದ ಎರಡು ಸೆಟ್ಟುಗಳನ್ನು ಸವರಿ, ‘ಇದಕ್ಕೆ ಮೂಗು ಮುಸುಡಿ ಒಂದೂ ಇಲ್ಲವಲ್ಲ’ ಎಂದು ಪಕ್ಕಕ್ಕಿಟ್ಟರು. ಐದು ಗುಂಡಿಗಳ, ಕೇಂದ್ರದ ಹೆಸರು ಹೇಳುವ ಸೆಟ್ ಒಪ್ಪಿಗೆಯಾಯಿತು. ಈಗ ಹೊಸ ತಕರಾರು: ವಾರ್ತೆಗೆ ಮೊದಲು ಸಮಯ ಸೂಚಿಸುವ ಪೀಪ್ ಸದ್ದು ತಮ್ಮ ಮಾತನಾಡುವ ಗಡಿಯಾರಕ್ಕಿಂತ ತಡವಾಗಿ ಬರುತ್ತಿದೆ, ರೇಡಿಯೊ ಕೆಟ್ಟಿದೆ ಎನ್ನುತ್ತಾರೆ.

ಹುಟ್ಟಿನಿಂದ ಕಣ್ಣಿಲ್ಲದ ಕೇಳುಗ:
ಕೆಟ್ಟಿಲ್ಲ. ಧ್ವನಿಯನ್ನು ಕುಗ್ಗಿಸಿ ಕಳುಹಿಸಿ, ಸೆಟ್ಟಿನಲ್ಲಿ ಮತ್ತೆ ಬಿಡಿಸುವಷ್ಟರಲ್ಲಿ ಕೆಲವು ಸೆಕೆಂಡು ಹಿಡಿಯುತ್ತದೆ. ಗಡಿಯಾರವನ್ನು ಮುಟ್ಟಬೇಡಿ ಎಂದು ಹೇಳಿ.