ಅಪ್‌ಡೇಟ್: ಏರ್‌ಬ್ಯಾಗ್ ಲೈಟ್ ಕೊನೆಗೂ ಆರಿತು

ಕಾರಿನ ಏರ್‌ಬ್ಯಾಗ್ ಲೈಟ್ ಆರುತ್ತಲೇ ಇಲ್ಲ, ಹಾಗೇ ಓಡಿಸಬಹುದಾ ಅಂತ ಕೇಳಿದ್ದೆ ಅಲ್ವಾ? ಕಂಕನಾಡಿ ಹತ್ತಿರದ ಗ್ಯಾರೇಜಿನಲ್ಲಿ ಸ್ಕ್ಯಾನ್ ಮಾಡಿಸಿದೆ. ಡ್ರೈವರ್ ಏರ್‌ಬ್ಯಾಗ್ ಸರ್ಕ್ಯೂಟಿನಲ್ಲಿ ರೆಸಿಸ್ಟೆನ್ಸ್ (ಕರೆಂಟಿಗೆ ತಡೆ) ಜಾಸ್ತಿ ಅಂತ ದೋಷದ ಕೋಡ್ ಬಂತು. ಹಾರ್ನ್ ಕೂಡ ಆಗಾಗ ಕೈಕೊಡುತ್ತಿತ್ತು ಅಂದ ಕೂಡಲೇ ಮೆಕ್ಯಾನಿಕ್ ನಕ್ಕರು. ಎರಡರ ಸಂಪರ್ಕವೂ ಸ್ಟೀರಿಂಗ್ ಒಳಗಿನ ಕ್ಲಾಕ್ ಸ್ಪ್ರಿಂಗ್ ಮೂಲಕವೇ. ಸುರುಳಿ ಸುತ್ತಿದ ಚಪ್ಪಟೆ ಕೇಬಲ್ ಅದು, ನಮ್ಮದು ಒಳಗೇ ತುಂಡಾಗಿತ್ತು.

ಬ್ಯಾಟರಿಯ ನೆಗೆಟಿವ್ ತೆಗೆದ ಮೇಲೂ ಅವರು ತಕ್ಷಣ ಕೈ ಹಾಕಲಿಲ್ಲ. ಅಪಘಾತದಲ್ಲಿ ಬ್ಯಾಟರಿ ಕಟ್ಟಾದರೂ ಏರ್‌ಬ್ಯಾಗ್ ಬಿಚ್ಚಿಕೊಳ್ಳಲಿ ಅಂತ ಕಂಟ್ರೋಲ್ ಯೂನಿಟ್ಟಿನ ಕೆಪಾಸಿಟರಿನಲ್ಲಿ ಚಾರ್ಜ್ ಇರುತ್ತದಂತೆ. ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾದರು. ಬಿಚ್ಚಿದ ಏರ್‌ಬ್ಯಾಗನ್ನು ಕವರ್ ಮೇಲ್ಮುಖವಾಗಿಯೇ ಇಟ್ಟರು. ಮಗುಚಿ ಇಟ್ಟಾಗ ಸಿಡಿದರೆ ಇಡೀ ಮಾಡ್ಯೂಲೇ ಮೇಲಕ್ಕೆ ಹಾರುತ್ತದೆ. ಏರ್‌ಬ್ಯಾಗಿಗೆ ಮಲ್ಟಿಮೀಟರ್ (ಕರೆಂಟ್ ಅಳೆಯುವ ಮೀಟರ್) ಹಿಡಿಯಲೂ ಬಿಡಲಿಲ್ಲ, ಅದು ಸಿಡಿಯಲು ಸಣ್ಣ ಕರೆಂಟೂ ಸಾಕಂತೆ.

ಚಕ್ರ ನೇರ ಇಟ್ಟು, ಹೊಸ ಕ್ಲಾಕ್ ಸ್ಪ್ರಿಂಗನ್ನು ಎರಡೂ ಕಡೆ ಸಮನಾಗಿ ತಿರುಗುವಂತೆ ಸೆಂಟರ್ ಮಾಡಿ ಕೂರಿಸಿದರು. ಕೋಡ್ ಅಳಿಸಿದ್ದು ಕೊನೆಗೆ. ಈಗ ಇಗ್ನಿಷನ್ ಆನ್ ಮಾಡಿದರೆ ಲೈಟ್ ಕೆಲವು ಸೆಕೆಂಡ್ ಉರಿದು ಆರುತ್ತದೆ.

'ಸುಮ್ನೆ ಬಲ್ಬ್ ಕಿತ್ತುಬಿಡಿ' ಅಂದ ಮಾರಾಯ್ರೇ, ಆ ಲೈಟ್ ಉರಿಯುತ್ತಿದ್ದರೆ ಡಿಕ್ಕಿಯಾದಾಗ ಏರ್‌ಬ್ಯಾಗ್ ತೆರೆಯದೇ ಇರಬಹುದು!